ನಾಳ ಇದ್ದ ಗಿಡ, ನಾಳ ಇಲ್ಲದ ಗಿಡ: ಮೂವತ್ತೊಂದು ಮಳೆಗಾಲದ ಪಾಠಗಳು

ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ವರ್ಷ ಬಿಟ್ಟು ವರ್ಷ ಬರುವ ಪ್ರಶ್ನೆಯೊಂದಿದೆ: ನಾಳಸಸ್ಯಗಳಿಗೂ ನಾಳರಹಿತ ಸಸ್ಯಗಳಿಗೂ ಇರುವ ವ್ಯತ್ಯಾಸ ಬರೆಯಿರಿ. ಐದು ಅಂಕ. ಹುಡುಗರು ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ. ಎಡಕ್ಕೆ ‘ಇದೆ’, ಬಲಕ್ಕೆ ‘ಇಲ್ಲ’ ಎಂದು ಬರೆದುಕೊಂಡು ಹೋಗುತ್ತಾರೆ. ಬೇರು ಇದೆ, ಬೇರು ಇಲ್ಲ. ನೀರು ಸಾಗಿಸುವ ಕ್ಸೈಲಂ ಇದೆ, ಕ್ಸೈಲಂ ಇಲ್ಲ. ಎತ್ತರ, ಗಿಡ್ಡ. ನಾನೂ ಹಾಗೇ ಬರೆದು ಪಾಸಾದವನು. ಆಮೇಲೆ ಮಲೆನಾಡಿನ ಒಂದು ಕಾಲೇಜಿನಲ್ಲಿ 31 ವರ್ಷ ಹಾಗೇ ಬರೆಯಲು ಕಲಿಸಿದವನು. ಆ ಗೆರೆ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಅನ್ನುವುದು ನನಗೆ ಗೊತ್ತಾಗಿದ್ದು ಮಾತ್ರ ಅಂಗಳ, ಧರೆ, ಹೊಳೆ ಮತ್ತು ಬಚ್ಚಲುಮನೆಯ ಹಿಂಗೋಡೆಯಲ್ಲಿ. ನಿವೃತ್ತನಾದ ಮೇಲೆ ಅವನ್ನೆಲ್ಲ ಬರೆದಿಟ್ಟುಕೊಳ್ಳೋಣ ಅನ್ನಿಸಿತು.

1. ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ನಮ್ಮ ಕಡೆ ಹಸಿರಾಗಿ ಕಲ್ಲಿಗೆ ಅಂಟಿಕೊಂಡದ್ದಕ್ಕೆಲ್ಲ ಪಾಚಿ ಅನ್ನುತ್ತಾರೆ. ಕೆಲವರ ಬಾಯಲ್ಲಿ ಅದು ಹಾವಸೆ, ಕೆಲವರ ಬಾಯಲ್ಲಿ ಹಾಸುಂಬೆ. ಆಷಾಢದಲ್ಲಿ ಅಂಗಳ ದಾಟುವವರ ಸೊಂಟ ಮುರಿಯುವುದು, ಕೆರೆಯ ಮೇಲೆ ಕಟ್ಟುವುದು, ಅಡಿಕೆ ಮರಕ್ಕೆ ಬೂದು ಚಕ್ಕೆಯಾಗಿ ಮೆತ್ತುವುದು, ಹೆಂಚಿನ ಮೇಲೆ ಮೆತ್ತೆಯಾಗಿ ಕೂರುವುದು, ಎಲ್ಲವೂ ಪಾಚಿಯೇ. ಆದರೆ ಅಂಗಳದ ಲೋಳೆ ಬಹುಪಾಲು ನೀಲಿಹಸಿರು ಬ್ಯಾಕ್ಟೀರಿಯಾ ಮತ್ತು ಶೈವಲ. ಅಡಿಕೆ ಮರದ ಬೂದು ಚಕ್ಕೆ ಕಲ್ಲುಹೂವು. ಶಿಲೀಂಧ್ರವೂ ಶೈವಲವೂ ಕೂಡಿ ನಡೆಸುವ ಸಂಸಾರ ಅದು, ಮಸಾಲೆಗೆ ಹುರಿದು ಹಾಕುವುದು ಅದರ ಬಳಗದ್ದೇ. ಹೆಂಚಿನ ಮೇಲಿನ ಮೆತ್ತೆ ಮಾತ್ರ ಸಸ್ಯಶಾಸ್ತ್ರದವರ ಹಾವಸೆ, ಅಂದರೆ ಮಾಸ್.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ ಜೇಬಿನಲ್ಲಿದ್ದರೆ ಸಾಕು. ಪುಟ್ಟ ಕಡ್ಡಿ, ಅದರ ಸುತ್ತ ಪುಟ್ಟ ಎಲೆ ಕಂಡರೆ ಹಾವಸೆ. ಚಪ್ಪಟೆಯಾಗಿ ಕವಲೊಡೆಯುತ್ತ ನೆಲಕ್ಕಂಟಿದ ಹಸಿರು ಪಟ್ಟಿಯಾದರೆ ಹೆಚ್ಚಾಗಿ ಲಿವರ್‌ವರ್ಟ್. ಪಟ್ಟಿಯ ಮೇಲೆ ಹಸಿರು ಮುಳ್ಳಿನಂತೆ ಎದ್ದಿದ್ದರೆ ಹಾರ್ನ್‌ವರ್ಟ್. ನೆಲದ ಮೇಲೆ ಬಾಳುವ ನಾಳರಹಿತ ಸಸ್ಯ ಅಂದರೆ ಈ ಮೂರು ಕುಲ. ಇಂಗ್ಲಿಷ್ ಹೆಸರುಗಳನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ನರ್ಸರಿಯಲ್ಲಿ ಜಡೆಯಂತೆ ನೇತುಹಾಕುವ ‘ಸ್ಪ್ಯಾನಿಷ್ ಮಾಸ್’ ಅನಾನಸಿನ ನೆಂಟ, ಹೂ ಬಿಡುವ ಗಿಡ. ‘ಕ್ಲಬ್ ಮಾಸ್’ಗೆ ನಾಳ ಇದೆ. ‘ರೈನ್‌ಡೀರ್ ಮಾಸ್’ ಅನ್ನುವುದು ಕಲ್ಲುಹೂವು.

2. ಅರಳಿ ಎಲೆ ಕೊಳೆಸಿ

ಅರಳಿ ಎಲೆಯನ್ನು ತೊಟ್ಟಿಯಲ್ಲಿ ಮೂರ್ನಾಲ್ಕು ವಾರ ಮುಳುಗಿಸಿ, ಮೆತ್ತಗೆ ಉಜ್ಜಿ, ಜಾಲರಿ ಮಾಡಿ ಪುಸ್ತಕದಲ್ಲಿ ಇಟ್ಟುಕೊಳ್ಳದ ಬಾಲ್ಯ ನಮ್ಮ ಕಾಲದಲ್ಲಿ ಇರಲಿಲ್ಲ. ಆ ಜಾಲರಿಯೇ ನಾಳವ್ಯೂಹ. ಎಲೆಯ ಮಾಂಸವನ್ನು ತಿಂದುಹಾಕಿದ ಬ್ಯಾಕ್ಟೀರಿಯಾಗಳಿಗೆ ನಾಳದ ಗೋಡೆಯನ್ನು ತಿನ್ನುವುದು ಅಷ್ಟು ಸುಲಭವಾಗಲಿಲ್ಲ, ಯಾಕೆಂದರೆ ಅದಕ್ಕೆ ಲಿಗ್ನಿನ್ ಎಂಬ ಗಟ್ಟಿ ವಸ್ತು ಲೇಪವಾಗಿದೆ. ಒಣಗಿದ ಹೀರೆಕಾಯಿಯ ನಾರುಗೂಡಿನಿಂದ ಬೆನ್ನುಜ್ಜಿಕೊಳ್ಳುವಾಗಲೂ ನೀವು ಹಿಡಿದಿರುವುದು ನಾಳಗಳ ಬಲೆಯನ್ನೇ.

ಹಾವಸೆಯನ್ನು ಹಾಗೇ ಕೊಳೆಸಿದರೆ ಜಾಲರಿ ಸಿಗದು. ಅದರ ಎಲೆ ಬಹುಪಾಲು ಒಂದೇ ಜೀವಕೋಶದಷ್ಟು ದಪ್ಪ. ನಡುವೆ ನರದಂಥದ್ದು ಒಂದು ಇದ್ದರೂ ಇರಬಹುದು, ಆದರೆ ಅದಕ್ಕೆ ಲಿಗ್ನಿನ್ ಇಲ್ಲ, ಅದು ಕವಲೊಡೆದು ಬಲೆ ನೇಯುವುದೂ ಇಲ್ಲ. ತರಗತಿಯಲ್ಲಿ ಅರ್ಧ ಗಂಟೆ ಹೇಳುವುದನ್ನು ಈ ಜಾಲರಿ ಅರ್ಧ ನಿಮಿಷದಲ್ಲಿ ಹೇಳುತ್ತದೆ.

3. ಕೆಂಪು ಶಾಯಿಯ ಪ್ರಯೋಗವನ್ನು ಎರಡೂ ಕಡೆ ಮಾಡಿ

ಕರ್ಣಕುಂಡಲದ ಗಿಡವನ್ನು ಬೇರು ಹರಿಯದಂತೆ ಕಿತ್ತು, ಮಣ್ಣು ತೊಳೆದು, ಕೆಂಪು ಶಾಯಿ ಬೆರೆಸಿದ ನೀರಿನ ಲೋಟದಲ್ಲಿ ನಿಲ್ಲಿಸುವ ಪ್ರಯೋಗ ಎಲ್ಲರಿಗೂ ಗೊತ್ತು. ಕಾಂಡ ಅರೆಪಾರದರ್ಶಕ, ಹಾಗಾಗಿ ಕೆಂಪು ಗೆರೆ ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಬ್ಲೇಡಿನಿಂದ ಅಡ್ಡ ಕೊಯ್ದರೆ ಉಂಗುರದಂತೆ ಕೂತ ಕೆಂಪು ಚುಕ್ಕೆಗಳು. ಮಿಕ್ಕ ಭಾಗ ಹಸಿರಾಗೇ ಇರುತ್ತದೆ. ನೀರಿಗೆ ಗೊತ್ತಾದ ದಾರಿ ಇದೆ, ಅದು ಆ ದಾರಿ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಮಾರುಕಟ್ಟೆಯಲ್ಲಿ ನೀಲಿ ಸುಗಂಧರಾಜ ಮಾರುವವರು ಇದೇ ಪ್ರಯೋಗದಿಂದ ಹೊಟ್ಟೆ ಹೊರೆಯುತ್ತಾರೆ.

ಇಲ್ಲಿಗೇ ನಿಲ್ಲಿಸುವುದು ನಮ್ಮ ಪ್ರಯೋಗಾಲಯಗಳ ರೂಢಿ. ನಾನೂ ಹತ್ತು ವರ್ಷ ನಿಲ್ಲಿಸಿದೆ. ಒಂದು ಸಲ ಹುಡುಗಿಯೊಬ್ಬಳು, “ಸರ್, ಹಾವಸೆಗೂ ಹಾಕಿ ನೋಡೋಣವಾ?” ಎಂದಳು. ನಾಳವೇ ಇಲ್ಲದ್ದರಲ್ಲಿ ಏನು ನೋಡುವುದು ಅಂದುಕೊಂಡೇ ಒಪ್ಪಿದೆ. ಕಾಂಪೌಂಡ್ ಗೋಡೆಯಿಂದ ಹಯೋಫಿಲಾ ಎಂಬ ಹಾವಸೆಯ ಒಂದು ಚೂರು ತಂದೆವು. ಒಣಗಿದಾಗ ಎಲೆಯ ಅಂಚು ಒಳಕ್ಕೆ ಸುರುಟಿಕೊಳ್ಳುವ, ನಮ್ಮ ಗೋಡೆಗಳ ಮೇಲೆಲ್ಲ ಇರುವ ಜಾತಿ ಅದು. ಒಂದೇ ಒಂದು ಕಡ್ಡಿಯನ್ನು ಚಿಮಟದಲ್ಲಿ ಹಿಡಿದು ಅದರ ಬುಡವನ್ನು ಶಾಯಿಗೆ ತಾಗಿಸಿದ್ದೇ ತಡ, ಕರ್ಣಕುಂಡಲಕ್ಕೆ ಮುಕ್ಕಾಲು ಗಂಟೆ ಹಿಡಿದ ಕೆಲಸ ಇಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಶಾಯಿ ಎಲೆಗಳ ಸಂದಿಯಲ್ಲಿ, ಕಾಂಡದ ಹೊರಮೈ ಮೇಲೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿಬಿಟ್ಟಿತು. ಇನ್ನೊಂದು ಕಡ್ಡಿಯನ್ನು ತಲೆಕೆಳಗೆ ಹಿಡಿದು ತುದಿಯನ್ನು ತಾಗಿಸಿದೆವು. ಆಗಲೂ ಅಷ್ಟೇ ವೇಗ. ಅದಕ್ಕೆ ಮೇಲು ಕೆಳಗಿಲ್ಲ. ಮೈಯೆಲ್ಲ ಬಾಯಿ.

ನಾಳರಹಿತ ಅಂದರೆ ನೀರು ಸಾಗಿಸಲಾಗದ್ದು ಅಂತ ನಾನು ಅಲ್ಲಿಯವರೆಗೆ ಹೇಳಿಕೊಡುತ್ತಿದ್ದೆ. ಅದನ್ನು ಆವತ್ತೇ ಬಿಟ್ಟೆ. ಹಾವಸೆ ನೀರನ್ನು ಮೈಹೊರಗೆ ಸಾಗಿಸುತ್ತದೆ, ಮರ ಮೈಯೊಳಗೆ. ಹಾವಸೆಯ ಬುಡದಲ್ಲಿರುವ ರೈಜಾಯಿಡ್ ಎಂಬ ಕಂದು ಎಳೆಗಳು ಮುಖ್ಯವಾಗಿ ಹಿಡಿದುಕೊಳ್ಳುವುದಕ್ಕೆ. ಅವನ್ನು ಬೇರು ಎಂದು ಬರೆದವರಿಗೆ ನಾನು ಅಂಕ ಕೊಟ್ಟವನಲ್ಲ.

ರಸ್ತೆಬದಿಯ ಧರೆಯಲ್ಲಿ ಪುಟ್ಟ ಪೈನ್ ಗಿಡದಂತೆ ನಿಲ್ಲುವ ಪೊಗೊನೇಟಂ ಕೈಗೆ ಸಿಕ್ಕರೆ ಅದನ್ನೂ ಕೊಯ್ದು ನೋಡಿ. ಅದರ ಕಾಂಡದ ನಡುವೆ ನೀರು ಸಾಗಿಸುವ ಉದ್ದನೆಯ ಸತ್ತ ಕೋಶಗಳ ಕಟ್ಟು ಇದೆ. ಕ್ಸೈಲಂನ ಕೆಲಸವನ್ನೇ ಮಾಡುತ್ತದೆ, ಆದರೆ ಲಿಗ್ನಿನ್ ಇಲ್ಲ. ಗೆರೆ ಪೊಳ್ಳಾಗುವ ಮೊದಲ ಜಾಗ ಇದು.

4. ನೀರು ಹೊರುವವರು ಸತ್ತವರು

ಕ್ಸೈಲಂ ನಾಳದ ಕೋಶ ತನ್ನ ಗೋಡೆಗೆ ಲಿಗ್ನಿನ್ ಬಳಿದು ಮುಗಿಸಿ, ತಾನು ಸತ್ತು, ಒಳಗನ್ನು ಖಾಲಿ ಮಾಡಿಕೊಟ್ಟ ಮೇಲೆಯೇ ಕೆಲಸಕ್ಕೆ ಬರುತ್ತದೆ. ಸಕ್ಕರೆ ಒಯ್ಯುವ ಫ್ಲೋಯಂ ಮಾತ್ರ ಬದುಕಿರಬೇಕು. ಹಲಸಿನ ಮರ ಕೊಯ್ದಾಗ ಕಾಣುವ ಹಳದಿ ಚೇಗು ಹಳೆಯ ಕ್ಸೈಲಂ; ನೀರು ಹೊರುವುದನ್ನು ಅದು ಬಿಟ್ಟು ಬಹಳ ಕಾಲವಾಗಿರುತ್ತದೆ, ಈಗ ಭಾರ ಹೊರುವುದಷ್ಟೇ. ಸುತ್ತಲಿನ ಬಿಳಿ ಭಾಗದಲ್ಲಿ ನೀರಿನ ಓಡಾಟ. ಅಡಿಕೆ, ತೆಂಗಿಗೆ ಈ ಸೌಕರ್ಯವಿಲ್ಲ. ಅವು ವರ್ಷ ವರ್ಷ ಹೊಸ ಉಂಗುರ ಕಟ್ಟುವುದಿಲ್ಲ, ಇದ್ದ ನಾಳಗಳಲ್ಲೇ ಜೀವಮಾನ ಕಳೆಯಬೇಕು. ಅಡಿಕೆ ದಬ್ಬೆ ಸೀಳುವಾಗ ಕೈಗೆ ಚುಚ್ಚುವ ಕಪ್ಪು ಎಳೆಗಳಲ್ಲಿ ಒಂದೊಂದೂ ಒಂದು ನಾಳದ ಕಟ್ಟು, ಅದರ ನಾರಿನ ಕವಚ.

ಪಂಪಿಲ್ಲದೆ ನೀರು ಅಷ್ಟು ಮೇಲೆ ಹೇಗೆ ಏರುತ್ತದೆ? 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಕೊಟ್ಟ ವಿವರಣೆ ಇವತ್ತಿಗೂ ನಿಂತಿದೆ: ಎಲೆಯಿಂದ ಆವಿಯಾಗುವ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ, ಅಣುವಿಗೆ ಅಣು ಕೈಹಿಡಿದು ಬೇರಿನವರೆಗೂ ಒಂದೇ ಸರ. ಈ ಎಳೆತಕ್ಕೆ ನಾಳ ಒಳಕ್ಕೆ ಕುಸಿಯದಿರಲು ಲಿಗ್ನಿನ್ ಬೇಕು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರವೊಂದು 115 ಮೀಟರಿಗೂ ಎತ್ತರ ಬೆಳೆದಿರುವುದು ಈ ಬಲದ ಮೇಲೆ. ಹಾವಸೆಗಳಲ್ಲಿ ಅತಿ ಎತ್ತರದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಡಾಸೋನಿಯಾ, ಅರ್ಧ ಮೀಟರಿನ ಆಸುಪಾಸು. ಇಲ್ಲಿ ಮಾತ್ರ ಪರೀಕ್ಷೆಯ ಗೆರೆ ಪೂರ್ತಿ ಗಟ್ಟಿ. ಲಿಗ್ನಿನ್ ಇಲ್ಲದೆ ಮರವಾದವರಿಲ್ಲ.

5. ಒಣಗುವುದು ಬೇರೆ, ಸಾಯುವುದು ಬೇರೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಗ್ರಹಿಸಿದ ಹಾವಸೆಯನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದೆ, ಬಾಡದಿರಲಿ ಎಂದು. ಹದಿನೈದು ದಿನಕ್ಕೆ ಎಲ್ಲಕ್ಕೂ ಬೂಸ್ಟು ಹಿಡಿದು ಒಂದು ಇಡೀ ಪ್ರವಾಸದ ಶ್ರಮ ಹಾಳಾಯಿತು. ಗಿಡ ಅಂದರೆ ಬಾಡುತ್ತದೆ, ಬಾಡಿದರೆ ಸಾಯುತ್ತದೆ ಅನ್ನುವುದು ನಾಳಸಸ್ಯಗಳನ್ನು ನೋಡಿ ಬಂದ ಬುದ್ಧಿ. ಹಾವಸೆಗೆ ಬೇಕಾದದ್ದು ಹಳೇ ಪೇಪರಿನ ಪೊಟ್ಟಣ. ಒತ್ತುವ ಹಲಗೆ ಬೇಡ, ಬಿಸಿಲು ಬೇಡ. ಪೊಟ್ಟಣದ ಮೇಲೆ ಊರು, ತಾರೀಖು, ಯಾವುದರ ಮೇಲೆ ಬೆಳೆದಿತ್ತು ಎಂದು ಬರೆದು ಕಪಾಟಿನಲ್ಲಿ ಇಟ್ಟರೆ ತೀರಿತು. ಇಪ್ಪತ್ತು ವರ್ಷದ ಮೇಲೆ ತೆಗೆದು ಒಂದು ಹನಿ ಬಿಸಿನೀರು ಬಿಟ್ಟರೆ, ಮುದುಡಿದ ಎಲೆ ಸೂಕ್ಷ್ಮದರ್ಶಕದ ಕೆಳಗೆ ನಮ್ಮ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಜೀವ ಇರುವುದಿಲ್ಲ, ಆದರೆ ರೂಪ ಹಾಗೇ ಇರುತ್ತದೆ. ಒತ್ತಿ ಒಣಗಿಸಿದ ದಾಸವಾಳಕ್ಕೆ ಅಂಥ ಭಾಗ್ಯವಿಲ್ಲ.

ಗೋಡೆಯ ಮೇಲಿನದಕ್ಕೆ ಜೀವವೂ ಇರುತ್ತದೆ. ಮಾರ್ಚಿನಲ್ಲಿ ಕರಕಲಾದ ಹಾವಸೆ ಮೇ ತಿಂಗಳ ಮೊದಲ ಅಡ್ಡಮಳೆಗೆ ನಿಮಿಷಗಳಲ್ಲಿ ಹಸಿರಾಗುತ್ತದೆ. ಎಲೆ ಚಿಗುರಿದ್ದಲ್ಲ, ಅದೇ ಎಲೆ. ಸುತ್ತಲ ಗಾಳಿ ಎಷ್ಟು ಒಣಗಿದೆಯೋ ತಾನೂ ಅಷ್ಟು ಒಣಗುವುದು, ನೀರು ಬಂದಾಗ ಬಿಟ್ಟ ಕೆಲಸ ಮುಂದುವರಿಸುವುದು, ಇದು ಅದರ ಬಾಳಿನ ಕ್ರಮ. ಮರ ಹಾಗಲ್ಲ. ಮೇಣದ ಪೊರೆ ಹೊದ್ದು, ಪತ್ರರಂಧ್ರಗಳನ್ನು ತೆರೆದು ಮುಚ್ಚಿ, ಒಳಗಿನ ತೇವವನ್ನು ಹಗಲಿರುಳು ಕಾಯಬೇಕು. ಕಾಯುವುದು ತಪ್ಪಿದರೆ ನಾಳದೊಳಗಿನ ನೀರಿನ ಸರ ಕಡಿದು ಗಾಳಿ ಗುಳ್ಳೆ ಸೇರುತ್ತದೆ, ರೆಂಬೆ ಒಣಗುತ್ತದೆ. ಕೊಳವೆ ಹಾಕಿಸಿಕೊಂಡವನಿಗೆ ಕೊಳವೆ ಕಾಯುವ ಕೆಲಸವೂ ಅಂಟಿಕೊಂಡಿತು.

2014ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಸಿಗ್ನಿ ದ್ವೀಪದಲ್ಲಿ 1,500 ವರ್ಷಕ್ಕೂ ಹೆಚ್ಚು ಕಾಲ ಹೆಪ್ಪುಗಟ್ಟಿ ಹೂತಿದ್ದ ಹಾವಸೆ ಮತ್ತೆ ಚಿಗುರಿದ್ದನ್ನು ವರದಿ ಮಾಡಿದರು. ಈ ಸುದ್ದಿಯನ್ನು ಸ್ಟಾಫ್‌ರೂಮಿನಲ್ಲಿ ಓದಿ ಹೇಳಿದಾಗ ಇತಿಹಾಸದ ಮೇಷ್ಟ್ರು ಮಾತ್ರ ನಂಬಿದರು. ಜಾತ್ರೆಯಲ್ಲಿ ಒಣ ಮುದ್ದೆಯಾಗಿ ಮಾರುವ, ನೀರಲ್ಲಿಟ್ಟರೆ ಅರಳುವ ‘ಸಂಜೀವಿನಿ’ ಮಾತ್ರ ಹಾವಸೆಯಲ್ಲ, ಸೆಲಾಜಿನೆಲ್ಲಾ ಎಂಬ ನಾಳಸಸ್ಯ. ನಾಳ ಇದ್ದೂ ಒಣಗಿ ಬದುಕುವ ಕೆಲವೇ ಕೆಲವರಲ್ಲಿ ಅದೊಂದು.

6. ಹೊಳೆಯಲ್ಲಿ ನಾನು ಎಡವಿದ ಕತೆ

ಇದನ್ನು ಹೇಳದೆ ಬಿಡಬಹುದಿತ್ತು. ಆದರೆ ಈ ಪಟ್ಟಿಯಲ್ಲಿ ನನಗೆ ಹೆಚ್ಚು ಕಲಿಸಿದ ಪಾಠ ಇದೇ.

ಕೆಲಸಕ್ಕೆ ಸೇರಿದ ಮೂರನೇ ವರ್ಷ, ಸೆಪ್ಟೆಂಬರ್ ಕೊನೆ. ಮಳೆ ಹಿಂದೆ ಸರಿದಿತ್ತು, ಹೊಳೆಯಲ್ಲಿ ಇನ್ನೂ ರಭಸವಿತ್ತು. ಹುಡುಗರನ್ನು ದಡದಲ್ಲಿ ಕೂರಿಸಿ, ಬಂಡೆಯ ಮೇಲೆ ನೀರಿನಡಿ ಹರಡಿಕೊಂಡಿದ್ದ ಹಸಿರು ಪಟ್ಟಿಗಳನ್ನು ತೋರಿಸಿ ಲಿವರ್‌ವರ್ಟ್ ಎಂದೆ. ಚಪ್ಪಟೆ, ಕವಲು, ಕಲ್ಲಿಗೆ ಅಂಟು, ಎಲೆಯಿಲ್ಲ, ಹೂವಿಲ್ಲ; ಎಲ್ಲ ಲಕ್ಷಣ ಕೂಡಿತ್ತು. ಲಾಹೋರಿನ ಶಿವರಾಂ ಕಶ್ಯಪರು 1929 ಮತ್ತು 1932ರಲ್ಲಿ ಎರಡು ಭಾಗವಾಗಿ ತಂದ ಲಿವರ್‌ವರ್ಟುಗಳ ಪುಸ್ತಕ ಗ್ರಂಥಾಲಯದಿಂದ ಜೊತೆಗೆ ಬಂದಿತ್ತು. ಪಶ್ಚಿಮ ಹಿಮಾಲಯ ಮತ್ತು ಪಂಜಾಬಿನ ಬಯಲಿನ ಪುಸ್ತಕ ಅದು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮಲೆನಾಡಿನ ಹೊಳೆಯಲ್ಲಿ ಹೆಸರು ಹುಡುಕುತ್ತಿದ್ದೆ.

ಗಾಳ ಹಾಕಿ ಕೂತಿದ್ದ ಅಜ್ಜನೊಬ್ಬ ಬಹಳ ಹೊತ್ತು ಕೇಳಿಸಿಕೊಂಡು ಕೊನೆಗೆ, “ಮೇಷ್ಟ್ರೇ, ಅದು ಹೂ ಬಿಡ್ತದೆ ಮಾರಾಯ್ರೆ” ಎಂದ.

“ಇದಕ್ಕೆ ಹೂ ಬರೋದಿಲ್ಲ ಅಜ್ಜ. ಇದು ಪಾಚಿ ಜಾತಿ.”

“ಆಯ್ತು. ದೀಪಾವಳಿ ಕಳೆದು ನೀರು ಇಳಿದ ಮೇಲೆ ಒಮ್ಮೆ ಬನ್ನಿ.”

ಹುಡುಗರು ನಕ್ಕರು. ನಾನೂ ನಕ್ಕೆ. ಡಿಸೆಂಬರಿನಲ್ಲಿ ಒಬ್ಬನೇ ಹೋದೆ. ಬಂಡೆ ನೀರಿನಿಂದ ಮೇಲೆದ್ದಿತ್ತು. ಹಸಿರು ಪಟ್ಟಿಗಳೆಲ್ಲ ಬಿಸಿಲಿಗೆ ಕಂದಾಗಿ, ಅವುಗಳ ಮೇಲೆ ಸಾಸಿವೆಯಷ್ಟು ಹೂಗಳು ಸಾಲುಸಾಲಾಗಿ ನಿಂತಿದ್ದವು. ಭೂತಗನ್ನಡಿ ಹಿಡಿದರೆ ಕೇಸರ ಕಂಡಿತು, ಅಂಡಾಶಯ ಕಂಡಿತು. ಕೆಲವು ಆಗಲೇ ಗೆರೆಗೆರೆಯ ಪುಟ್ಟ ಕಾಯಿಯಾಗಿದ್ದವು.

ಅದು ಪೊಡೊಸ್ಟೆಮೇಸೀ ಎಂಬ ಕುಟುಂಬ, ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಂಡೆ ಹಿಡಿದು ಬಾಳುವ ಹೂಗಿಡಗಳದ್ದು. ಮಳೆಗಾಲವಿಡೀ ರಭಸದ ನೀರಿನಡಿ ಬೆಳೆಯುತ್ತವೆ. ನೀರು ಇಳಿದು ಮೈಗೆ ಗಾಳಿ ಸೋಕಿದೊಡನೆ ಹೂ ಬಿಟ್ಟು, ಬೀಜ ಮಾಡಿ, ಒಣಗಿಹೋಗುತ್ತವೆ. ಬೀಜ ಒದ್ದೆಯಾದಾಗ ಅಂಟಾಗಿ ಬಂಡೆಗೇ ಹಿಡಿದುಕೊಳ್ಳುತ್ತದೆ. ಯಾವುದು ಬೇರು, ಯಾವುದು ಕಾಂಡ, ಯಾವುದು ಎಲೆ ಎಂದು ಬಿಡಿಸುವುದು ಪಂಡಿತರಿಗೂ ತಲೆನೋವು. ಎಷ್ಟೋ ಜಾತಿಗಳಲ್ಲಿ ಬಂಡೆಗೆ ಚಪ್ಪಟೆಯಾಗಿ ಹಬ್ಬುವ ಹಸಿರು ಪಟ್ಟಿಯೇ ಬೇರು. ಒಂದು ಜಾತಿಯ ಹೆಸರೇ ಝೈಲ್ಯಾನಿಡಿಯಂ ಲೈಕೆನಾಯ್ಡಿಸ್, ಕಲ್ಲುಹೂವಿನಂಥದ್ದು ಎಂದು ಅರ್ಥ. ಹೆಸರಿಟ್ಟವರಿಗೂ ಅದು ಹಾಗೆ ಕಂಡಿತ್ತೆಂಬುದು ನನಗೆ ಸ್ವಲ್ಪ ಸಮಾಧಾನ. ಸುತ್ತಲೂ ನೀರೇ ಇರುವಾಗ ನಾಳಕ್ಕೆ ಕೆಲಸ ಕಡಿಮೆ, ಅದಕ್ಕೇ ಒಳಗಿನ ನಾಳ ಸವೆದು ಎಳೆಯಷ್ಟಾಗಿದೆ. ಕೆರೆಯ ಮೇಲೆ ಹಸಿರು ರವೆಯಂತೆ ತೇಲುವ ವುಲ್ಫಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಬೇರಿಲ್ಲ, ಎಲೆಯಿಲ್ಲ, ಕ್ಸೈಲಂ ಇಲ್ಲ. ಆದರೂ ಹೂ ಬಿಡುವ ಗಿಡ. ಪುಸ್ತಕದಲ್ಲಿ ನಾಳಸಸ್ಯಗಳ ಸಾಲಿನಲ್ಲೇ ಕೂತಿದೆ, ಯಾಕೆಂದರೆ ವಂಶ ಅದು.

ಗಿಡದ ಗುರುತಿಗೆ ರೂಪ ಸಾಲದು, ಒಂದು ವರ್ಷವಾದರೂ ಅದರ ಜೊತೆ ಇರಬೇಕು. ಆ ಅಜ್ಜನನ್ನು ಮರುವರ್ಷ ಹುಡುಗರ ಮುಂದೆ ಕರೆದು ಕೂರಿಸಿ ನನ್ನ ತಪ್ಪು ಹೇಳಿದೆ. ಆತ ಬೀಡಿ ಕೇಳಿದ, ಅಷ್ಟೆ.

7. ಜರೀಗಿಡದ ಬಾಲ್ಯ ನೋಡಿ

ಕೊಡಗಿನವರು ಮಳೆಗಾಲದಲ್ಲಿ ಪಲ್ಯ ಮಾಡುವ ಥರ್ಮೆ ಸೊಪ್ಪು ಜರೀಗಿಡದ ಸುರುಳಿ ಚಿಗುರು. ನಾಳಸಸ್ಯ, ಅನುಮಾನವೇ ಇಲ್ಲ. ಬಲಿತ ದಂಟು ಹಲ್ಲಿಗೆ ಸಿಕ್ಕಿದರೆ ನಾರಿನ ರುಚಿಯೂ ಗೊತ್ತಾಗುತ್ತದೆ. ಆದರೆ ಇದೇ ಜರೀಗಿಡ ಬಾಳಿನ ಒಂದು ಭಾಗವನ್ನು ನಾಳವಿಲ್ಲದೆ ಕಳೆಯುತ್ತದೆ. ಎಲೆಯ ಬೆನ್ನಿನ ಕಂದು ಪುಡಿ, ಅಂದರೆ ಬೀಜಾಣು, ಒದ್ದೆ ಇಟ್ಟಿಗೆಯ ಮೇಲೆ ಬಿದ್ದು ಮೊಳೆತರೆ ಜರೀಗಿಡ ಬರುವುದಿಲ್ಲ. ಕಿರುಬೆರಳ ಉಗುರಿನಷ್ಟು ಅಗಲದ, ಹೃದಯದ ಆಕಾರದ ಹಸಿರು ಬಿಲ್ಲೆ ಬರುತ್ತದೆ. ನೋಡಿದವರು ಲಿವರ್‌ವರ್ಟ್ ಅನ್ನುತ್ತಾರೆ. ಗಂಡು ಲಿಂಗಾಣು ಆ ಬಿಲ್ಲೆಯಿಂದ ಹೊರಟು ನೀರಲ್ಲಿ ಈಜಿ ಹೆಣ್ಣನ್ನು ಸೇರಿದ ಮೇಲೆಯೇ ನಮಗೆ ಗೊತ್ತಿರುವ ಜರೀಗಿಡ ಹುಟ್ಟುವುದು. ಬಚ್ಚಲುಮನೆಯ ಹಿಂಗೋಡೆಯ ಇಟ್ಟಿಗೆ ಸಂದಿಯಲ್ಲಿ ಹುಡುಕಿ, ಖಂಡಿತ ಸಿಗುತ್ತದೆ.

ಹಾವಸೆಯಲ್ಲಿ ಇದು ತಿರುಗುಮುರುಗು. ನಾವು ಗಿಡ ಅನ್ನುವ ಹಸಿರು ಮೆತ್ತೆಯೇ ಲಿಂಗಾಣುಗಳನ್ನು ಹೊರುವ ಪೀಳಿಗೆ. ಅದರ ಮೇಲೆ ಕಡ್ಡಿಯೆದ್ದು ತುದಿಯಲ್ಲಿ ಚೊಂಬಿನಂಥದ್ದು ನಿಲ್ಲುತ್ತದಲ್ಲ, ಅದು ಮಗು. ಜೀವಮಾನವೆಲ್ಲ ತಾಯಿಯ ತಲೆಯ ಮೇಲೆ ನಿಂತು ಉಣ್ಣುವ ಮಗು. ಎರಡೂ ಪೀಳಿಗೆ ಎಲ್ಲ ನೆಲದ ಸಸ್ಯಗಳಲ್ಲೂ ಇವೆ, ಯಾವುದು ದೊಡ್ಡದು ಅನ್ನುವುದಷ್ಟೇ ಬೇರೆ ಎಂದು 1851ರಲ್ಲಿ ಹೊಂದಿಸಿ ತೋರಿಸಿದವನು ಲೈಪ್‌ಜಿಗ್ಗಿನ ವಿಲ್‌ಹೆಲ್ಮ್ ಹಾಫ್‌ಮೈಸ್ಟರ್. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಕಲಿತವನಲ್ಲ. ಮನೆಯದು ಸಂಗೀತದ ಪುಸ್ತಕ ಪ್ರಕಟಿಸುವ ವ್ಯಾಪಾರ. ಆಗ ಅವನ ವಯಸ್ಸು 27ರ ಆಸುಪಾಸು. ನಾಳ ಎದ್ದದ್ದು ಮಗುವಿನ ಪೀಳಿಗೆಯಲ್ಲಿ, ತಾಯಿಯ ಪೀಳಿಗೆಯಲ್ಲಲ್ಲ. ಪರೀಕ್ಷೆಯ ಗೆರೆಯ ಪಕ್ಕ ಈ ಒಂದು ವಾಕ್ಯ ಬರೆದವರಿಗೆ ನಾನು ಅರ್ಧ ಅಂಕ ಜಾಸ್ತಿ ಹಾಕಿದ್ದೇನೆ.

8. ಏಣಿ ಹಾಕಬೇಡಿ

ಶೈವಲದಿಂದ ಹಾವಸೆ, ಹಾವಸೆಯಿಂದ ಜರೀಗಿಡ, ಅದರಿಂದ ಮರ ಎಂದು ಬೋರ್ಡಿನ ಮೇಲೆ ಏಣಿ ಬರೆದು ನಾನು ಸವೆಸಿದ ಸೀಮೆಸುಣ್ಣಕ್ಕೆ ಲೆಕ್ಕವಿಲ್ಲ. ಆದರೆ ಆ ಏಣಿ ನಿಲ್ಲುವುದಿಲ್ಲ. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಕಲ್ಲಿನೊಳಗೆ 40 ಕೋಟಿ ವರ್ಷಕ್ಕೂ ಹಳೆಯ ಗಿಡಗಳು ಕೋಶ ಕೋಶವೂ ಕಾಣುವಂತೆ ಉಳಿದಿವೆ. ಅವುಗಳಲ್ಲಿ ಒಂದನ್ನು ಮೊದಲು ರೈನಿಯಾ ಮೇಜರ್ ಎಂದು ನಾಳಸಸ್ಯಗಳ ಸಾಲಿಗೆ ಸೇರಿಸಿದ್ದರು. ನೀರಿನ ಕೋಶಗಳನ್ನು ಸರಿಯಾಗಿ ನೋಡಿದರೆ ಅವು ನಿಜವಾದ ಕ್ಸೈಲಂಗಿಂತ ಹಾವಸೆಯದಕ್ಕೇ ಹತ್ತಿರ. 1986ರಲ್ಲಿ ಅದಕ್ಕೆ ಅಗ್ಲಾವೊಫೈಟಾನ್ ಎಂದು ಬೇರೆ ಹೆಸರಾಯಿತು. 2014ರಲ್ಲಿ ಜಪಾನಿನ ತಂಡವೊಂದು, ನಾಳಸಸ್ಯದಲ್ಲಿ ಕ್ಸೈಲಂ ಕಟ್ಟಿಸುವ ಜೀನುಗಳ ನೆಂಟರೇ ಹಾವಸೆಯಲ್ಲೂ ನೀರಿನ ಕೋಶ ಕಟ್ಟಿಸುತ್ತವೆ ಎಂದು ತೋರಿಸಿತು. ಹಾವಸೆ, ಲಿವರ್‌ವರ್ಟ್, ಹಾರ್ನ್‌ವರ್ಟ್ ಮೂರೂ ಒಂದೇ ಕವಲು, ನಾಳಸಸ್ಯಗಳದ್ದು ಅದರ ಒಡಹುಟ್ಟಿದ ಇನ್ನೊಂದು ಕವಲು ಅನ್ನುವತ್ತ ಈಚಿನ ಡಿಎನ್‌ಎ ಅಧ್ಯಯನಗಳು ವಾಲಿವೆ. ಅಜ್ಜಿ ಅಂದುಕೊಂಡಿದ್ದವಳು ತಂಗಿ ಎಂದಾಯಿತು. ಜಗತ್ತಿನಲ್ಲಿ ನಾಳಸಸ್ಯಗಳು ಸುಮಾರು ಮೂರೂವರೆ ಲಕ್ಷ ಜಾತಿ, ನಾಳರಹಿತ ಮೂರು ಕುಲ ಸೇರಿ ಸುಮಾರು 20 ಸಾವಿರ. ಹಿಂದುಳಿದವರ ಸಂಖ್ಯೆಯಲ್ಲ ಅದು.

9. ಪೊರೆ ಇಲ್ಲದವರ ಮುಂದೆ ವಿಷ ಇಡಬೇಡಿ

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಡಿಕೆ ಎಲೆಗೆ ಮೇಣದ ಪೊರೆ ಇದೆ, ತಡೆದುಕೊಳ್ಳುತ್ತದೆ. ಮರದ ಬುಡದ ಹಾವಸೆಗೆ ಪೊರೆ ಇಲ್ಲವೆನ್ನುವಷ್ಟು ತೆಳು, ಮೈಯೆಲ್ಲ ಬಾಯಿ ಎಂದು ಆಗಲೇ ಹೇಳಿದೆ. ತಾಮ್ರದ ಹನಿ ಬಿದ್ದ ಕಡೆ ಎಷ್ಟೋ ಜಾತಿ ಕಂದಾಗಿ ಹೋಗುತ್ತವೆ (ತಾಮ್ರದ ನೆಲವನ್ನೇ ಹುಡುಕಿ ಬೆಳೆಯುವ ಹಾವಸೆಗಳೂ ಇವೆ, ಅದು ಬೇರೆ ಮಾತು). ಔಷಧಿ ಹೊಡೆಯಬೇಡಿ ಎಂದು ನಾನು ಬೆಳೆಗಾರರಿಗೆ ಹೇಳಲಾರೆ. ಆದರೆ ಗಾಳಿಯಲ್ಲಿ, ಮಳೆಯಲ್ಲಿ ಏನಿದೆಯೋ ಅದನ್ನೆಲ್ಲ ಬೇರಿನ ಜರಡಿಯಿಲ್ಲದೆ ನುಂಗುವ ಈ ಗುಣವನ್ನೇ ಸ್ವೀಡನ್ನಿನವರು 1960ರ ದಶಕದ ಕೊನೆಯಲ್ಲಿ ಬಳಸಿಕೊಂಡು, ಹಾವಸೆ ಅರೆದು ಗಾಳಿಯ ಸೀಸ ಅಳೆದರು. 1990ರಿಂದ ಯುರೋಪಿನ ಹಲವು ದೇಶಗಳು ಕೂಡಿ ಐದೈದು ವರ್ಷಕ್ಕೊಮ್ಮೆ ಹೀಗೆ ಅಳೆಯುತ್ತಿವೆ. ನಮ್ಮ ಪೇಟೆಯ ಬಸ್‌ಸ್ಟ್ಯಾಂಡ್ ಗೋಡೆಯಲ್ಲಿ ಮೂವತ್ತು ವರ್ಷದ ಹಿಂದೆ ಇದ್ದ ಹಾವಸೆಗಳಲ್ಲಿ ಈಗ ಉಳಿದಿರುವುದು ಒಂದೆರಡು.

10. ಗೂಟಿ ಕಟ್ಟುವುದನ್ನು ಕಲಿಯಿರಿ

ಎರಡು ಬಗೆಯ ಸಸ್ಯಗಳೂ ಒಂದೇ ಕೆಲಸದಲ್ಲಿ ಜೊತೆಗೂಡುವುದನ್ನು ನೋಡಬೇಕಿದ್ದರೆ ಪೇರಲೆಯ ರೆಂಬೆಗೆ ಗೂಟಿ ಕಟ್ಟಿ, ಅಂದರೆ ರೆಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ. ಮಳೆಗಾಲದ ಶುರು ಒಳ್ಳೆಯ ಸಮಯ. ಪೆನ್ಸಿಲ್ ದಪ್ಪದ ರೆಂಬೆ ಆರಿಸಿ, ಒಂದಿಂಚು ಅಗಲಕ್ಕೆ ತೊಗಟೆಯನ್ನು ಉಂಗುರದಂತೆ ತೆಗೆಯಿರಿ. ಕೆಳಗಿನ ಲೋಳೆಯನ್ನೂ ಚಾಕುವಿನ ಬೆನ್ನಿನಿಂದ ಕೆರೆಯಿರಿ, ಇಲ್ಲವಾದರೆ ತೊಗಟೆ ಮತ್ತೆ ಕೂಡಿಬಿಡುತ್ತದೆ. ನೆನೆಸಿ ಹಿಂಡಿದ ಸ್ಫ್ಯಾಗ್ನಂ ಹಾವಸೆಯನ್ನು ಮುಷ್ಟಿಯಷ್ಟು ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಎರಡೂ ತುದಿ ಕಟ್ಟಿ.

ಈಗ ಒಳಗೆ ಏನಾಗುತ್ತಿದೆ ನೋಡಿ. ತೊಗಟೆಯ ಜೊತೆ ಫ್ಲೋಯಂ ಹೋಯಿತು, ಎಲೆಯಿಂದ ಇಳಿಯುವ ಸಕ್ಕರೆ ಗಾಯದ ಮೇಲಂಚಿನಲ್ಲಿ ನಿಂತಿತು. ಕ್ಸೈಲಂ ಒಳಗಿನ ಕಟ್ಟಿಗೆಯಲ್ಲಿ ಹಾಗೇ ಇದೆ, ಹಾಗಾಗಿ ನೀರು ಏರುತ್ತಲೇ ಇದೆ, ಎಲೆ ಬಾಡುವುದಿಲ್ಲ. ಸಕ್ಕರೆ ಕೂಡಿದ ಮೇಲಂಚು ಊದಿಕೊಂಡು ಅಲ್ಲಿಂದ ಬೇರು ಹೊರಡುತ್ತದೆ. ಆ ಎಳೆ ಬೇರಿಗೆ ಒಂದೂವರೆ ಎರಡು ತಿಂಗಳು ಹನಿ ಹನಿ ನೀರು ಕೊಟ್ಟು ಸಾಕುವುದು ನಾಳವಿಲ್ಲದ ಹಾವಸೆ. ಸ್ಫ್ಯಾಗ್ನಂನ ಎಲೆಯಲ್ಲಿ ಹಸಿರು ಕೋಶಗಳ ನಡುನಡುವೆ ತೂತುಳ್ಳ ದೊಡ್ಡ ಸತ್ತ ಕೋಶಗಳಿವೆ, ಪುಟ್ಟ ಕೊಡಗಳಂತೆ. ಒಣ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿಯಬಲ್ಲವು. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದೆ ಬಂದಾಗ ಬ್ರಿಟನ್ನಿನವರು ಗಾಯಕ್ಕೆ ಕಟ್ಟಿದ್ದು ಇದನ್ನೇ. ಪೇರಲೆಯ ಗಾಯಕ್ಕೂ ಅದೇ ಪಟ್ಟಿ.

ಕೊನೆಗೆ ಒಂದು ವಿನಂತಿ. ನರ್ಸರಿಗೆ ಚೀಲದಲ್ಲಿ ಬರುವ ಸ್ಫ್ಯಾಗ್ನಂ ದುಬಾರಿ ಎಂದು ಕೆಲವರು ಕಾಡಿಗೆ ಹೋಗಿ ಮರದ ಮೈಮೇಲಿನ ಹಾವಸೆಯನ್ನು ಕತ್ತಿಯಲ್ಲಿ ಕೆರೆದು ಗೋಣಿಯಲ್ಲಿ ತುಂಬಿ ತರುತ್ತಾರೆ. ಒಂದು ಗೋಣಿ ತುಂಬಲು ಎಷ್ಟು ಮರದ ಮೈ ಬೋಳಾಗಬೇಕು ಎಂದು ನೋಡಿದ್ದೇನೆ. ನಾನು ಕೆರೆಸಿದ ಒಂದು ಮರದಲ್ಲಿ ಏಳು ಮಳೆಗಾಲ ಕಳೆದರೂ ಮೊದಲಿನ ಮೆತ್ತೆ ಬಂದಿಲ್ಲ. ತೆಂಗಿನ ನಾರಿನ ಪುಡಿಯನ್ನು ನೆನೆಸಿ ಹಿಂಡಿ ಕಟ್ಟಿದರೂ ಗೂಟಿಗೆ ಬೇರು ಬರುತ್ತದೆ. ನಾನು ಈಗ ಅದನ್ನೇ ಕಟ್ಟುವುದು. ನೀವೂ ಅದನ್ನೇ ಕಟ್ಟಿ. ಕಾಡಿನ ಮರದ ಹಾವಸೆಯನ್ನು ಮರದಲ್ಲೇ ಬಿಡಿ.